ಜ್ವರಕ್ಕೆ ಕೂತ ಹವಳ

"ಚಪ್ಲಿ ಅಲ್ಲೇ ಬಿಡ್ರಿ! ಹುಳ ಜ್ವರಕ್ಕೆ ಕೂತವೆ!"

ಹುಳದ ಮನೆಯ ಹೊಸ್ತಿಲಲ್ಲೇ ಲೋಹಿತ್ ಬೆಚ್ಚಿ ನಿಂತ. ಒಳಗೆ ರೇಷ್ಮೆಹುಳದ ತಟ್ಟೆಗಳ ನಡುವೆ ನಿಂತಿದ್ದ ಜಯಶೀಲಾ ಅವನನ್ನು ದುರುಗುಟ್ಟಿ ನೋಡಿದಳು.

'ಬಾ ಮಗನೇ, ಬಾ... ನಿನ್ನನ್ನೇ ಕಾಯ್ತಿದ್ದೆ!'

ಸಾತನೂರಿನ ಅಪ್ಪಾಜಿಯ ಮಗಳು ಜಯಶೀಲಾಳನ್ನು ನೋಡಲು ಗುಡೇಮಾರನಹಳ್ಳಿಯಿಂದ ಗಂಡಿನವರು ಬಂದಿದ್ದರು. ಬರಲಿ ಎಂದು ಅವಳು ಒಪ್ಪಿದ್ದು ಮದುವೆಗಲ್ಲ, ಸೇಡಿಗೆ.

ಹೋದ ವರ್ಷ ಅವಳೂ ಈ ಗಂಡು ಲೋಹಿತನೂ ಲಕ್ಷದ್ವೀಪದಲ್ಲಿ ಒಂದೇ ತಂಡದಲ್ಲಿದ್ದರು. ಎದೆಮಟ್ಟದ ನೀರಲ್ಲಿ ಮುಳುಗಿ, ಹವಳದ ದಿಬ್ಬದಲ್ಲಿ ಬದುಕಿದ್ದೆಷ್ಟು, ಸತ್ತಿದ್ದೆಷ್ಟು ಎಂದು ಗುರುತಿಸುವ ಕೆಲಸ. ಆ ಬೇಸಿಗೆ ಸಮುದ್ರವೇ ಕಾದು, ಹವಳ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಇವು ಸತ್ತಿಲ್ಲ ಸರ್, ಜ್ವರಕ್ಕೆ ಕೂತಿವೆ. ನೀರು ತಣ್ಣಗಾದ್ರೆ ಏಳ್ತವೆ," ಎಂದಿದ್ದಳು ಜಯಶೀಲಾ. ರೇಷ್ಮೆಹುಳ ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ, ಅಲುಗಾಡದೆ, ಸತ್ತಂತೆ ಬಿದ್ದಿರುವುದನ್ನು ಅವರ ಮನೆಯಲ್ಲಿ ಜ್ವರ ಎನ್ನುತ್ತಿದ್ದರು.

ತಂಡದ ಮುಖ್ಯಸ್ಥ ಲೋಹಿತ್ ಎಲ್ಲರೆದುರು ನಕ್ಕಿದ್ದ. "ಇಷ್ಟು ದಿನ ಬಿಳಿಚಿದ್ದು ಇನ್ನೆಲ್ಲಿ ಏಳುತ್ತೆ? ಇದು ನಿಮ್ಮೂರ ಹುಳದ ಮನೆ ಅಲ್ಲ ಕಣ್ರೀ!"

ಅವಳು ಬದುಕಿದೆ ಎಂದದ್ದನ್ನೆಲ್ಲ ಸತ್ತದ್ದಕ್ಕೆ ಸೇರಿಸಿಬಿಟ್ಟ. ಅಂದಿನಿಂದ ತಂಡಕ್ಕೆಲ್ಲ ಅವಳು 'ಹುಳದಮ್ಮ'! ಮಾನ ಮೂರು ಕಾಸಿಗೆ ಹೋಗಿ, ಕೆಲಸ ಬಿಟ್ಟು ಊರು ಸೇರಿದಳು. ಬೇರೆ ಯಾರು ನಕ್ಕಿದ್ದರೂ ಮರೆಯುತ್ತಿದ್ದಳು. ಆದರೆ ಅವಳು ಮನಸ್ಸಲ್ಲೇ ಇಷ್ಟಪಟ್ಟವನೇ ನಕ್ಕಿದ್ದನಲ್ಲ...!

ನಡುಮನೆಯಲ್ಲಿ ಎಲ್ಲರೂ ಕೂತರು. ಬೇಡ ಎನ್ನುವ ಮಾತನ್ನು ಆಮೇಲೆ ಮಧ್ಯಸ್ಥರ ಕೈಲಿ ಹೇಳಿಕಳಿಸುವುದು ವಾಡಿಕೆ. ಜಯಶೀಲಾ ಕಾಫಿ ತಟ್ಟೆ ಇಟ್ಟವಳೇ ಸೆಟೆದು ನಿಂತಳು.

"ಈ ಗಂಡು ನಂಗೆ ಬ್ಯಾಡ! ಬದುಕಿರೋದನ್ನ ಸತ್ತೋಯ್ತು ಅನ್ನೋ ಕಣ್ಣು ಇವರ್ದು. ನಾಳೆ ನಾನು ಒಸಿ ಹುಷಾರು ತಪ್ಪಿ ಮಲಗಿದ್ರೆ, ಗುಂಡಿ ತೋಡಿಸ್ಬುಡ್ತಾರೆ!"

"ಅಯ್ಯೋ, ನಿನ್ ಬಾಯಿಗೆ ಮಣ್ಣಾಕ!" ತಾಯಿ ಸರಸಮ್ಮ ಹಣೆ ಚಚ್ಚಿಕೊಂಡರು.

ಲೋಹಿತನ ತಾಯಿ ಬೀರಮ್ಮ ಧಡಕ್ಕನೆ ಎದ್ದರು. "ಏಳ್ಲಾ ಮಗ! ಈ ಮನೆ ನೀರೂ ಬ್ಯಾಡ ನಮ್ಗೆ!"

"ಕೂತ್ಕೊ ಅವ್ವ. ಅವ್ರು ಹೇಳಿದ್ದು ಸರಿಯಾಗೈತೆ."

ಜಯಶೀಲಾ ಚಕಿತಳಾದಳು.

"ಮಳೆ ಬಿದ್ಮೇಲೆ ಮತ್ತೆ ಹೋಗಿ ಮುಳುಗಿ ನೋಡ್ದೆ," ಲೋಹಿತ್ ತಲೆ ತಗ್ಗಿಸಿದ. "ನೀವು ಬದುಕೈತೆ ಅಂದಿದ್ದ ಹವಳಕ್ಕೆಲ್ಲ ಬಣ್ಣ ಬಂದೈತೆ. ಅದೇ ತಂಡದ ಮುಂದೆ ನನ್ನ ತಪ್ಪು ಒಪ್ಕೊಂಡೆ. ನಿಮ್ಮ ಮುಂದೆ ಒಪ್ಕೊಳ್ಳೋದು ಉಳಿದಿತ್ತು. ಉಗೀತೀರಿ ಅಂತ ಗೊತ್ತಿದ್ದೇ ಬಂದೆ."

ಕೈ ಮುಗಿದು ಬಾಗಿಲತ್ತ ನಡೆದ.

ಸೇಡು ತೀರಿತ್ತು. ಮತ್ತೆ ಈ ಹಾಳು ಕಣ್ಣಲ್ಲಿ ನೀರೇಕೆ?

"ನಿಂತ್ಕೊಳ್ರಿ! ತಪ್ಪು ಒಪ್ಕೊಳ್ಳೋಕೆ ಹೆಣ್ಣು ನೋಡೋ ನೆಪ ಯಾಕೆ ಬೇಕಿತ್ತು?"

"ನೆಪ ಅಲ್ಲ..." ಅವನು ಬಾಗಿಲಲ್ಲೇ ತಿರುಗಿ ನಿಂತ. "ನೀವಿಲ್ದೆ ನೀರಿಗಿಳಿಯೋಕೇ ಮನಸ್ಸು ಬರಲ್ಲ. ನೀವು ಬೇಕು ಅಂತಾನೇ ಬಂದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನು ಕ್ಷಮಿಸಲ್ಲ."

"ಬ್ಯಾಡಿ."

"ದಿನಾ ಒಸಿ ಒಸಿ ಸೇಡು ತೀರಿಸ್ಕೋತೀನಿ."

"ಎಲ್ಲೀವರ್ಗೂ?"

"ಇಬ್ರ ತಲೆನೂ ಹಣ್ಣಾಗೋವರ್ಗೂ..."