ಕೆಂಪು ದೀಪ ಹೊತ್ತಿತ್ತು, ಮೈಕ್ ಆರಿರಲಿಲ್ಲ

"ಈ ಕೀ ಒಂದ್ಸಲ ಒತ್ತಿದ್ರೆ ಪರದೆ ಬೆಳಕು ಎರಡು ಸಲ ಏರುತ್ತೆ! ಇದರ ಕೀಗಳನ್ನ ನಡೆಸೋ ಪ್ರೋಗ್ರಾಮ್, ಆ ಡ್ರೈವರ್ ಬರೆದ ಪುಣ್ಯಾತ್ಮರು ಯಾರು?"

ಲ್ಯಾಪ್‌ಟಾಪ್ ಎತ್ತಿಕೊಂಡು ಬಂದ ಆಫೀಸಿನ ಹೊಸಬನನ್ನು ಅವಳು ದುರುಗುಟ್ಟಿ ನೋಡಿದಳು.

"ನಾನೇ. ಏನೀಗ?"

"ಬೆಳಕನ್ನ ಮೆಷಿನ್ನೇ ಏರಿಸ್ಕೊಳ್ಳುತ್ತೆ. ನಿಮ್ಮ ಡ್ರೈವರ್ರೂ ಏರಿಸಿದ್ರೆ ಎರಡಾಗದೆ ಇನ್ನೇನಾಗುತ್ತೆ? ಅಂಥ ಕೀ ಒತ್ತಿದಾಗ ಸುಮ್ನಿರು ಅಂತ ಡ್ರೈವರ್‌ಗೆ ಹೇಳ್ಬೇಕು."

ಎಲ್ಲರೆದುರೇ ಹೇಳಬೇಕಿತ್ತಾ... ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಮಾತು ಸರಿಯಾಗಿತ್ತು. ಅವತ್ತೇ ಅವನಿಗೆ 'ಮೇಷ್ಟ್ರು' ಎಂದು ಹೆಸರಿಟ್ಟಳು. ಜಗಳ ಪ್ರೀತಿಯಾಯಿತು. ಎರಡೂ ಮನೆಯವರು ಮದುವೆಗೆ ಹೂಂ ಅಂದಿದ್ದೂ ಆಯಿತು.

ಆಮೇಲೆ ಬಂತು ಆ ಹೊಸ ಮಾದರಿಯ ಲ್ಯಾಪ್‌ಟಾಪ್. ಮೈಕ್ ಆರಿಸಲು ಅದರಲ್ಲೊಂದು ಬೇರೆ ಕೀ. ಅವಳು ಒತ್ತಿದಳು, ಕೀ ಮೇಲೆ ಕೆಂಪು ದೀಪ ತಾನಾಗಿ ಹೊತ್ತಿತು.

ಓ, ಇದನ್ನೂ ಮೆಷಿನ್ನೇ ನೋಡಿಕೊಳ್ಳುತ್ತದೆ ಎಂದುಕೊಂಡು ಡ್ರೈವರ್‌ನಲ್ಲಿ 'ಸುಮ್ಮನಿರು' ಎಂದು ಬರೆದು ಕೈತೊಳೆದುಕೊಂಡಳು. ಮಾತಾಡಿ ನೋಡಲಿಲ್ಲ. ಮೆಷಿನ್ ಹೊತ್ತಿಸುತ್ತಿದ್ದದ್ದು ದೀಪವನ್ನು ಮಾತ್ರ. ಮೈಕ್ ಆರಿಸುವುದು ಡ್ರೈವರ್‌ನ ಕೆಲಸವಾಗಿತ್ತು.

ಅದನ್ನು ಪರೀಕ್ಷೆಗೆಂದು ಮನೆಗೆ ಒಯ್ದವನು ಮೇಷ್ಟ್ರೇ. ಮಾರನೆಯ ಬೆಳಗ್ಗೆ ಅವನು ಮನೆಯಿಂದಲೇ ಮೀಟಿಂಗಿಗೆ ಕೂತ. ಇತ್ತ ಆಫೀಸಿನಲ್ಲಿ ಅವಳೂ ಸೇರಿ ಇಡೀ ತಂಡ ಸ್ಪೀಕರಿನ ಸುತ್ತ ಕೂತಿತ್ತು. ನಡುವೆ ಅವನ ಅಕ್ಕ, ಮದುವೆಯಾಗುವ ಹುಡುಗಿ ಕೆಲಸ ಹೇಗೆ ಮಾಡ್ತಾಳೆ ಎಂದು ಕೇಳಿಕೊಂಡು ಕೋಣೆಗೆ ಬಂದಳು. ಅವನು ಮೈಕ್ ಕೀ ಒತ್ತಿದ, ದೀಪ ಹೊತ್ತಿತು.

"ಅವಳ ಕೆಲಸಾನಾ? ಅಯ್ಯೋ ಅಕ್ಕಾ, ಅರ್ಧ ನಾನೇ ಗುಟ್ಟಾಗಿ ತಿದ್ದಿ ಕಳಿಸ್ತೀನಿ. ಪಾಪ, ಅವಳಿಗೆ ಗೊತ್ತಿಲ್ಲ. ಮದುವೆ ಆದ್ಮೇಲೆ ನಿಧಾನಕ್ಕೆ ಕೆಲಸ ಬಿಡಿಸಿದ್ರಾಯ್ತು."

ಅಷ್ಟೂ ಆಫೀಸಿನ ಸ್ಪೀಕರಿನಲ್ಲಿ ಕೇಳಿಸಿತು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆದರೆ ಪಾಪವಂತೆ... ಪಾಪ!

ಮಧ್ಯಾಹ್ನ ಅವನು ಓಡಿಬಂದ. ನಾಚಿಕೆಗಿಂತ ಸಿಟ್ಟೇ ಮುಖದಲ್ಲಿ ಹೆಚ್ಚಿತ್ತು.

"ಬೇಕಂತಲೇ ಮೈಕ್ ಆರದ ಹಾಗೆ ಮಾಡಿದ್ಯಾ? ನಮ್ಮನೆ ಮಾತು ಕೇಳೋಕೆ?"

ಬೇಕಂತ ಅಲ್ಲ ಎನ್ನಬೇಕಾದರೆ ಗೊತ್ತಾಗದೆ ಮಾಡಿದೆ ಎನ್ನಬೇಕು. ಹಾಗೆಂದರೆ ಅವನಂದದ್ದೇ ನಿಜ ಎಂದು ಒಪ್ಪಿದಂತೆ! ದೇವರೇ, ಯಾವುದನ್ನು ನುಂಗಲಿ?

"ಹೌದು, ಬೇಕಂತಲೇ ಮಾಡಿದೆ. ಮದುವೆಯೂ ಬೇಡ, ಏನೂ ಬೇಡ!"

ಸುಳ್ಳು ಹೇಳಿ ಮರ್ಯಾದೆ ಉಳಿಸಿಕೊಂಡಳು. ಅವನನ್ನು ಕಳೆದುಕೊಂಡಳು.

ಆದರೆ ಆ ಮೆಷಿನ್ ಇನ್ನೇನು ಮಾರಾಟಕ್ಕೆ ಹೋಗುವುದರಲ್ಲಿತ್ತು. ದೀಪ ನಂಬಿ ಯಾರ್ಯಾರು ಏನೇನು ಮಾತಾಡಿಬಿಡುತ್ತಾರೋ! ಅವಳಿಗೆ ತಡೆಯಲಾಗಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತಳು.

"ನಾನು ಬೇಕಂತ ಮಾಡಿದ್ದಲ್ಲ. ದೀಪ ನೋಡಿ ನಂಬಿಬಿಟ್ಟೆ. ಈಗ ನಾನೇ ತಿದ್ದಿದ್ದೀನಿ. ಇನ್ಮೇಲೆ ನನ್ನ ಕೆಲಸ ತಿದ್ದೋರು ನನ್ನೆದುರೇ ತಿದ್ದಲಿ."

ಯಾರೋ ಕೆಮ್ಮಿದರು. ಮೇಷ್ಟ್ರು ನಿಧಾನವಾಗಿ ಎದ್ದ.

"ಆ ಮೀಟಿಂಗಿನ ಹಿಂದಿನ ಸಂಜೆ ಪರೀಕ್ಷೆ ಮಾಡಿ ಎಲ್ಲಾ ಸರಿ ಇದೆ ಅಂತ ಒಪ್ಪಿಗೆ ಕೊಟ್ಟೋನು ನಾನು. ನಾನೂ ದೀಪ ನೋಡಿದ್ದಷ್ಟೇ... ಅರ್ಧ ಕೆಲಸ ತಿದ್ತೀನಿ ಅಂದಿದ್ದು ಬರೀ ಜಂಬ. ತಿದ್ದಿದ್ದು ಎಲ್ಲೋ ಒಂದೆರಡು ಸಾಲು."

ಎಲ್ಲರೂ ಹೋದ ಮೇಲೂ ಅವನು ಅಲ್ಲೇ ಉಳಿದ.

"ನಿನ್ನ ಬಿಟ್ಟಿರೋಕೆ ಆಗ್ತಿಲ್ಲ ಕಣೇ..."

"ಪಾಪ ಅನ್ನಿಸ್ಕೊಂಡು ನಿಮ್ಮನೆಗೆ ಬರಲ್ಲ ನಾನು. ಕೆಲಸಾನೂ ಬಿಡಲ್ಲ."

"ಬಿಡ್ಬೇಡ. ಹಾಗಂದಿದ್ದು ನನ್ನ ಸಣ್ಣ ಬುದ್ಧಿ."

"ಮನಸ್ಸು ಇನ್ನೂ ಕಹಿಯಾಗೇ ಇದೆ ಮೇಷ್ಟ್ರೇ. ಆ ಕಹಿ ಯಾವತ್ತು ಹೋಗುತ್ತೋ ಗೊತ್ತಿಲ್ಲ."

"ಕಾಯ್ತೀನಿ. ದೂರದಲ್ಲೇ ಇದ್ದು ಕಾಯ್ತೀನಿ."

ಅವಳ ಕಣ್ಣು ತುಂಬಿತು. ಸಿಟ್ಟು ಹಾಗೇ ಇತ್ತು, ಹಾಳು ಪ್ರೀತಿಯೂ ಹಾಗೇ ಇತ್ತು.

"ದೂರ ಯಾಕೆ? ಸಿಟ್ಟು ಬಂದಾಗ ಬೈಯೋಕಾದ್ರೂ ಹತ್ರ ಇರಿ!"