ಟಿಲ್ಲಿ ಎಣಿಸಿದ ಎಸೆತಗಳು

"ಮುಟ್ಟಬೇಡ! ಲೆಕ್ಕ ತಪ್ಪೋಗುತ್ತೆ!"

ಟಿಲ್ಲಿ ಕೈಯಲ್ಲಿದ್ದ ಪುಟ್ಟ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಕಾರಿನ ಬಾಗಿಲಿಗೆ ಅಂಟಿ ಕುಳಿತಳು. ಅವಳ ಅಣ್ಣ ವೆಸ್ಲಿ ಬಿಡಲಿಲ್ಲ. ಡಬ್ಬಿಯ ಗುಂಡಿಯನ್ನು ಒಂದೇ ಒಂದು ಸಲ ಒತ್ತಿ ಅವಳನ್ನು ಗೋಳು ಹೊಯ್ದುಕೊಳ್ಳೋಣ ಎಂದು ಬಲಗೈ ಚಾಚಿದ. ಕೈ ಅರ್ಧಕ್ಕೇ ನಿಂತಿತು. ಮೊಣಕೈ ಒಳಗೆ ಯಾರೋ ಚಿವುಟಿದ ಹಾಗೆ ಚಳುಕು ಬಂತು.

"ಏನಾಯ್ತೋ?" ಕಾರು ಓಡಿಸುತ್ತಿದ್ದ ಅಪ್ಪ ಕನ್ನಡಿಯಲ್ಲಿ ನೋಡಿ ಕೇಳಿದರು.

"ಏನಿಲ್ಲಪ್ಪ."

"ಹಾಗಾದ್ರೆ ಅವಳನ್ನ ಬಿಟ್ಟು ತೆಪ್ಪಗೆ ಕೂತ್ಕೊ. ಮಧ್ಯಾಹ್ನ ಫೈನಲ್ ಆಡಬೇಕು ಅಂದ್ರೆ ಮೊದಲು ಬೆಳಗಿನ ಆಟ ಗೆಲ್ಲಬೇಕು."

ಡಬ್ಬಿ ಆರ್ವಿಲ್ ಅಜ್ಜನದು. ಒಂದು ಸಲ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮುಂದಕ್ಕೆ ಹೋಗುತ್ತದೆ. ದನದ ಸಂತೆಯ ಗೇಟಿನಲ್ಲಿ ನಿಂತು ಅಜ್ಜ ಮೂವತ್ತು ವರ್ಷ ಕರುಗಳನ್ನು ಎಣಿಸಿದ್ದು ಇದರಲ್ಲೇ. ಮೊನ್ನೆ ಶುಕ್ರವಾರ ಅದನ್ನು ಟಿಲ್ಲಿಯ ಕೈಗಿಟ್ಟು, "ಅಣ್ಣನ ಆಟ ನೋಡಿ ನೋಡಿ ಬೇಜಾರಾದ್ರೆ ಏನನ್ನಾದ್ರೂ ಎಣಿಸ್ತಾ ಕೂತಿರು ಪುಟ್ಟಿ" ಎಂದಿದ್ದರು.

ಬೇಜಾರಾಗದೆ ಇರುತ್ತದೆಯೇ? ವೆಸ್ಲಿಗೆ ಹತ್ತು ವರ್ಷ. ಅವನು ಕಾಮೆಟ್ಸ್ ಎಂಬ ಬೇಸ್‌ಬಾಲ್ ತಂಡದಲ್ಲಿದ್ದ. ಅದು ಊರೂರು ತಿರುಗಿ ಟೂರ್ನಮೆಂಟ್ ಆಡುವ ಟ್ರಾವೆಲ್ ಟೀಮ್. ಈ ಬೇಸಿಗೆಯಲ್ಲಿ ಎಂಟು ಶನಿವಾರ ಎಂಟು ಊರು. ಅಮ್ಮನಿಗೆ ಶನಿವಾರ, ಭಾನುವಾರವೇ ಆಸ್ಪತ್ರೆಯ ಡ್ಯೂಟಿ. ಹಾಗಾಗಿ ಅಣ್ಣ ಹೋದ ಕಡೆಗೆಲ್ಲ ಏಳು ವರ್ಷದ ಟಿಲ್ಲಿಯೂ ಹೋಗಲೇಬೇಕು. ಮಡಚುವ ಕುರ್ಚಿ ಬಿಡಿಸಿಕೊಂಡು ಅಮೆರಿಕದ ಇಂಡಿಯಾನಾ ರಾಜ್ಯದ ಜುಲೈ ಬಿಸಿಲಲ್ಲಿ ದಿನವೆಲ್ಲ ಕೂರಬೇಕು.

ನಿನ್ನೆ ಶನಿವಾರ ಊರಿನ ಈಜುಕೊಳದಲ್ಲಿ ಅವಳಿಗೆ ಪರೀಕ್ಷೆ ಇತ್ತು. ಈ ತುದಿಯಿಂದ ಆ ತುದಿಗೆ ಈಜಿ ತೋರಿಸಿದವರ ಕೈಗೆ ಹಸಿರು ಪಟ್ಟಿ ಕಟ್ಟುತ್ತಾರೆ. ಪಟ್ಟಿ ಇದ್ದವರನ್ನು ಮಾತ್ರ ಆಳದ ಕಡೆ ಬಿಡುತ್ತಾರೆ. ಅದೇ ದಿನ ಅಣ್ಣನಿಗೆ ಆಟ ಬಂತು. ಪರೀಕ್ಷೆ ತಪ್ಪಿತು. ಟಿಲ್ಲಿ ಅಳಲಿಲ್ಲ. ಈಜುವ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡವಳು ಇವತ್ತಿನವರೆಗೂ ಅದನ್ನು ತೆಗೆದೇ ಇರಲಿಲ್ಲ. ನಿನ್ನೆ ಸಂಜೆ ಹೋಟೆಲಿನ ಕೊಳದಲ್ಲಾದರೂ ಈಜೋಣವೆಂದರೆ ಕಾಮೆಟ್ಸ್‌ನ ಹುಡುಗರು ಧೊಪ್ ಧೊಪ್ ಎಂದು ಹಾರಿ ಅರ್ಧ ನೀರನ್ನು ಹೊರಗೆ ಚೆಲ್ಲಿದ್ದರು. ಎಲ್ಲರಿಗಿಂತ ಜೋರಾಗಿ ಹಾರಿದವನು ವೆಸ್ಲಿಯೇ.

ಈಗ ಅವನಿಗೆ ಅದು ಯಾವುದೂ ನೆನಪಿರಲಿಲ್ಲ. ಮೊಣಕೈಯ ಚಿಂತೆಯೇ ದೊಡ್ಡದಾಗಿತ್ತು.

ಶುಕ್ರವಾರ ಸಂಜೆ ಅವನೊಂದು ಕಿತಾಪತಿ ಮಾಡಿದ್ದ. ಊರಿನ ಸಣ್ಣ ಲೀಗ್‌ನಲ್ಲೂ ಅವನ ಹೆಸರಿತ್ತು. ಆ ಆಟ ಸ್ಕೂಲ್ ಹಿಂದಿನ ಬಯಲಲ್ಲಿ. ಅಲ್ಲಿ ಸೋತರೂ ಗೆದ್ದರೂ ಆಟ ಮುಗಿದ ಮೇಲೆ ಬಣ್ಣದ ರಸ ಹಾಕಿದ ಮಂಜಿನ ಪುಡಿ ಸಿಗುತ್ತದೆ. ಅವತ್ತು ಬ್ಯಾಟು ಹಿಡಿದವರಿಗೆ ಚೆಂಡು ಎಸೆಯಬೇಕಾದ ಹುಡುಗನಿಗೆ ಜ್ವರ ಬಂದಿತ್ತು. "ನಾನು ಎಸೀತೀನಿ" ಎಂದು ವೆಸ್ಲಿಯೇ ಮುಂದೆ ಬಂದಿದ್ದ. ಮಾರನೆಯ ದಿನ ಟೂರ್ನಮೆಂಟ್ ಇದೆ ಎಂದು ಅಲ್ಲಿ ಹೇಳಲಿಲ್ಲ. ಹಿಂದಿನ ದಿನ ಎಸೆದಿದ್ದೇನೆ ಎಂದು ಇಲ್ಲಿ ಹೇಳಲಿಲ್ಲ. ಅಪ್ಪ ಅವತ್ತು ಕೆಲಸದಲ್ಲಿದ್ದರು. ನೋಡಿದ್ದವರು ಅಜ್ಜ ಮತ್ತು ಟಿಲ್ಲಿ ಇಬ್ಬರೇ.

ಬೆಳಗಿನ ಆಟದಲ್ಲಿ ವೆಸ್ಲಿ ಎಸೆಯಲಿಲ್ಲ, ಚೆಂಡು ಹಿಡಿಯಲು ದೂರದ ಹುಲ್ಲಿನಲ್ಲಿ ನಿಂತಿದ್ದ. ಕಾಮೆಟ್ಸ್ ಗೆದ್ದಿತು. ಆಟ ಮುಗಿದ ಮೇಲೆ ಎರಡು ತಂಡದವರೂ ಸಾಲಾಗಿ ನಡೆದು, ಒಬ್ಬೊಬ್ಬರ ಅಂಗೈಗೂ ಅಂಗೈ ತಟ್ಟಿ "ಗುಡ್ ಗೇಮ್, ಗುಡ್ ಗೇಮ್" ಅನ್ನಬೇಕು. ಸಾಲಿನ ಕೊನೆಯಲ್ಲಿ ಯಾವಾಗಿನಂತೆ ಟಿಲ್ಲಿಯೂ ಅಂಗೈ ಒಡ್ಡಿಕೊಂಡು ನಿಂತಿದ್ದಳು. ವೆಸ್ಲಿ ಯಾವಾಗಿನಂತೆ ಅವಳನ್ನು ದಾಟಿಕೊಂಡು ಹೋದ. ಹುಡುಗರೆಲ್ಲ ನೋಡುತ್ತಿರುವಾಗ ತಂಗಿಯ ಕೈ ತಟ್ಟುವುದೆಂದರೆ ಅವನಿಗೆ ನಾಚಿಕೆ.

ಫೈನಲ್‌ಗೆ ಅರ್ಧ ಗಂಟೆ ಇತ್ತು. ತಂಡ ತಗಡಿನ ಚಪ್ಪರದಡಿ ಬೆಂಚಿನ ಮೇಲೆ ಕುಳಿತು ಸೂರ್ಯಕಾಂತಿ ಬೀಜ ಮೆಲ್ಲುತ್ತಾ ಸಿಪ್ಪೆ ಉಗುಳುತ್ತಿತ್ತು. ಕೋಚ್ ರಡಿಕ್ ತಮ್ಮ ನೋಟ್‌ಬುಕ್ ಹಿಡಿದುಕೊಂಡು ಬಂದರು.

"ವೆಸ್ಲಿ, ನೀನೇ ಎಸೀಬೇಕು. ಒಬ್ಬ ಹುಡುಗ ಎರಡು ದಿನಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಎಸ್ದು ತೋಳು ಕೆಡಿಸ್ಕೋಬಾರ್ದು ಅಂತ ಈ ಟೂರ್ನಮೆಂಟ್‌ನೋರ ರೂಲ್. ನಿನ್ನೆ ನೀನು ನಲವತ್ತೆಂಟು ಎಸ್ದಿದೀಯ. ಇನ್ನೂ ನಲವತ್ತೆರಡು ಇದೆ. ತೋಳು ಹೇಗಿದೆ?"

"ಚೆನ್ನಾಗಿದೆ, ಕೋಚ್."

ಆ ಪ್ರಶ್ನೆಯನ್ನು ಕೋಚ್ ಪ್ರತಿ ಆಟಕ್ಕೂ ಕೇಳುತ್ತಿದ್ದರು. ಆ ಉತ್ತರವನ್ನು ಹುಡುಗರು ಪ್ರತಿ ಆಟಕ್ಕೂ ಕೊಡುತ್ತಿದ್ದರು. ಬೇರೆ ಉತ್ತರ ಕೊಟ್ಟವರನ್ನು ವೆಸ್ಲಿ ಕಂಡೇ ಇರಲಿಲ್ಲ. ಈಗಲೂ ಅವನು ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು.

ಆದರೆ ಇಲ್ಲ ಅನ್ನುವುದಾದರೂ ಹೇಗೆ? ಅಪ್ಪ ಈ ವರ್ಷದ ರಜೆಯನ್ನೆಲ್ಲ ಇದಕ್ಕೇ ಸುರಿದಿದ್ದರು. ಅವನು ಎಸೆಯದಿದ್ದರೆ ಗೆಳೆಯ ಆಂಡ್ರೆ ಎಸೆಯಬೇಕು. ಆಂಡ್ರೆಯ ಚೆಂಡು ಬಂದು ತಲುಪುವಷ್ಟರಲ್ಲಿ ಬ್ಯಾಟು ಹಿಡಿದವನು ಒಂದು ನಿದ್ದೆ ತೆಗೆದು ಏಳಬಹುದು ಎಂದು ಹುಡುಗರೆಲ್ಲ ರೇಗಿಸುತ್ತಿದ್ದರು.

"ಕೋಚ್, ನಲವತ್ತೆಂಟಲ್ಲ."

ಚಪ್ಪರದ ಮುಂದಿನ ತಂತಿ ಬೇಲಿಗೆ ಮೂಗು ಒತ್ತಿಕೊಂಡು ಟಿಲ್ಲಿ ನಿಂತಿದ್ದಳು. ಹಣೆಯ ಮೇಲೆ ಕನ್ನಡಕ, ಕೈಯಲ್ಲಿ ಡಬ್ಬಿ.

"ಏನು ಪುಟ್ಟಿ?"

"ವೆಸ್ಲಿ ಎಸ್ದಿದ್ದು ನೂರಾ ಎಪ್ಪತ್ತಮೂರು."

ಹುಡುಗರು ಗೊಳ್ಳೆಂದು ನಕ್ಕರು. ಕೋಚ್ ಕೂಡ ನಕ್ಕು, "ಆಟಕ್ಕೆ ಮುಂಚೆ ಕೈ ಪಳಗಿಸೋಕೆ ಎಸೀತಾನಲ್ಲ, ಅದನ್ನೂ ಸೇರಿಸ್ಕೊಂಡ್ಯಾ?" ಎಂದರು.

"ಹೂಂ. ಅದೂ ಎಸ್ದಿದ್ದೇ ಅಲ್ವಾ? ಮತ್ತೆ ಶುಕ್ರವಾರದ್ದೂ ಇದೆ."

ಕೋಚ್‌ರ ನಗು ನಿಂತಿತು. "ಶುಕ್ರವಾರ ಎಲ್ಲಿ?"

ಎಲ್ಲರೂ ವೆಸ್ಲಿಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅಪ್ಪ ಕೂಡ ನೀರಿನ ಬಾಟಲಿ ಹಿಡಿದುಕೊಂಡು ಬೇಲಿಯ ಹತ್ತಿರ ಬಂದಿದ್ದರು.

"ಅವಳ ಮಾತು ಕೇಳ್ಬೇಡಿ ಕೋಚ್" ಎಂದ ವೆಸ್ಲಿ. "ಅವಳಿಗೆ ಏಳು ವರ್ಷ. ಸರಿಯಾಗಿ ಎಣಿಸೋಕೇ ಬರಲ್ಲ."

ಹುಡುಗರು ಮತ್ತೆ ನಕ್ಕರು.

ಟಿಲ್ಲಿ ಜಗಳ ಆಡಲಿಲ್ಲ. ಡಬ್ಬಿಯನ್ನು ಒಮ್ಮೆ ನೋಡಿದಳು, ಅಣ್ಣನನ್ನು ಒಮ್ಮೆ ನೋಡಿದಳು. "ಪ್ರತಿಸಲ ಎಸ್ದ ಮೇಲೂ ನೀನು ಕೈ ಉಜ್ಕೋತಿದ್ದೆ. ಅದಕ್ಕೆ ಎಣಿಸ್ದೆ" ಎಂದಳು. ಆಮೇಲೆ ಡಬ್ಬಿಯನ್ನು ಚಡ್ಡಿಯ ಜೇಬಿಗೆ ಹಾಕಿಕೊಂಡು ತನ್ನ ಕುರ್ಚಿಯ ಕಡೆ ಹೊರಟಳು.

ವೆಸ್ಲಿ ಅವಳ ಬೆನ್ನನ್ನೇ ನೋಡುತ್ತಾ ನಿಂತ. ಶುಕ್ರವಾರದಿಂದ ಇಲ್ಲಿಯವರೆಗೆ ಒಂದೂ ಬಿಡದೆ ಎಣಿಸಿದ್ದಾಳೆ. ಅವನ ಕೈ ನೋಯುತ್ತಿದೆ ಎಂದು ಈ ಇಡೀ ಮೈದಾನದಲ್ಲಿ ಕಂಡುಕೊಂಡವಳು ಅವಳೊಬ್ಬಳೇ. ಅಂಥವಳನ್ನು ಎಲ್ಲರೆದುರು ಪೆದ್ದಿ ಮಾಡಿಬಿಟ್ಟೆನಲ್ಲ! ಅವನಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

"ಟಿಲ್ಲಿ, ನಿಂತ್ಕೊಳ್ಳೇ!"

ಅವಳು ತಿರುಗಿದಳು.

"ಅವಳ ಲೆಕ್ಕ ಸರಿ ಇದೆ, ಕೋಚ್" ಎಂದ ವೆಸ್ಲಿ. "ಶುಕ್ರವಾರ ಊರಿನ ಲೀಗ್‌ನಲ್ಲಿ ನಾಲ್ಕು ಇನ್ನಿಂಗ್ಸ್ ಎಸ್ದೆ. ನಿಮಗೂ ಹೇಳ್ಲಿಲ್ಲ, ಅಪ್ಪಂಗೂ ಹೇಳ್ಲಿಲ್ಲ. ಅವತ್ತಿಂದ ಮೊಣಕೈ ನೋಯ್ತಿದೆ."

ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ಬಯ್ಯುತ್ತಾರೆ ಎಂದು ವೆಸ್ಲಿ ಕಣ್ಣು ಮುಚ್ಚಿಕೊಂಡ.

"ತೋಳು ಹೇಗಿದೆ ಅಂತ ಹನ್ನೊಂದು ವರ್ಷದಿಂದ ಕೇಳ್ತಾ ಇದೀನಿ ಕಣೋ" ಎಂದರು ಕೋಚ್ ಮೆಲ್ಲಗೆ. "ಯಾವನಾದ್ರೂ ನಿಜ ಹೇಳಿದ್ದು ಇವತ್ತೇ ಮೊದಲು. ನಾನೂ ಉತ್ತರಕ್ಕೆ ಕಾಯ್ದೇನೇ ಮುಂದಕ್ಕೆ ಹೋಗ್ತಿದ್ದೆ ಅನ್ಸುತ್ತೆ." ನೋಟ್‌ಬುಕ್ಕಿನಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆದರು. "ಆಂಡ್ರೆ, ಗ್ಲೌಸ್ ತಗೊ."

ಆಂಡ್ರೆಯ ಬಾಯಿಂದ ಬೀಜ ಕೆಳಗೆ ಬಿತ್ತು.

ಕಾಮೆಟ್ಸ್ ಒಂಬತ್ತು ಮೂರರಿಂದ ಸೋತಿತು. ಆದರೆ ಆಂಡ್ರೆ ಎಸೆದ ನಿಧಾನದ ಚೆಂಡಿಗೆ ನಾಲ್ಕು ಹುಡುಗರು ಅವಸರಪಟ್ಟು ಗಾಳಿಗೆ ಬ್ಯಾಟು ಬೀಸಿದ್ದರು. ಅವನ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ವೆಸ್ಲಿ ಮೊಣಕೈಗೆ ಐಸ್ ಕಟ್ಟಿಕೊಂಡು ಬೆಂಚಿನಿಂದಲೇ ಗಂಟಲು ಹರಿಯುವಂತೆ ಕೂಗಿದ.

ಬ್ಯಾಗು ತುಂಬುವಾಗ ತಂಡದ ಕೋಲ್ಟನ್ ಗೊಣಗಿದ: "ನಿನ್ನ ತಂಗಿ ಬಾಯಿ ಮುಚ್ಕೊಂಡಿದ್ದಿದ್ರೆ ಕಪ್ ನಮ್ದಾಗಿರ್ತಿತ್ತು."

"ಅವಳು ಎಣಿಸಿದ್ದಷ್ಟೇ ಕಣೋ" ಎಂದ ವೆಸ್ಲಿ. "ಎಸ್ದಿದ್ದು ನಾನು."

ಮನೆಗೆ ಎರಡು ಗಂಟೆಯ ದಾರಿ. ರಸ್ತೆಯ ಎರಡೂ ಕಡೆ ಮೆಕ್ಕೆಜೋಳದ ಹೊಲ.

"ಶುಕ್ರವಾರ ಯಾಕೋ ಆಡೋಕೆ ಹೋದೆ?" ಅಪ್ಪ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಲ್ಲಿ ಮಜಾ ಇರುತ್ತಪ್ಪ. ಅಜ್ಜ ಬರ್ತಾರೆ. ಅಲ್ಲಿ ಯಾರೂ ಮುಖ ಸಿಂಡರಿಸ್ಕೊಳ್ಳಲ್ಲ."

"ಮತ್ತೆ ಕಾಮೆಟ್ಸ್?"

"ಅದೂ ಇಷ್ಟಾನೇ. ದೊಡ್ಡ ಆಟ ಅಲ್ವಾ. ಅಪ್ಪಾ, ನಿನ್ನ ರಜೆಯೆಲ್ಲ ಇದಕ್ಕೇ ಹೋಯ್ತು. ನೋವು ಅಂತ ಹೆಂಗೆ ಹೇಳ್ಲಿ?"

ಅಪ್ಪ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿಯೇಬಿಟ್ಟರು. ಹಿಂದಕ್ಕೆ ತಿರುಗಿದರು. "ನಾನು ರಜೆ ಹಾಕಿದ್ದು ನಿನ್ನ ಜೊತೆ ಇರೋಕೆ ಕಣೋ ಮರಿ. ಕಪ್ ತರೋಕಲ್ಲ. ಬೆಳಿಗ್ಗೆ ಕನ್ನಡೀಲಿ ನೋಡ್ದೆ, ನಿನ್ನ ಮುಖ ಸರಿ ಇರ್ಲಿಲ್ಲ. ನಾನೂ ಮತ್ತೆ ಕೇಳ್ಲಿಲ್ಲ." ಅಂಗೈಯಿಂದ ಮುಖ ಒರೆಸಿಕೊಂಡು ಅಪ್ಪ ಮತ್ತೆ ಕಾರು ಹೊರಡಿಸಿದರು.

ಟಿಲ್ಲಿ ಕೆಳಗೆ ನೋಡುತ್ತಾ ಕೇಳಿದಳು, "ನನ್ನಿಂದಾನಾ ನೀವು ಸೋತಿದ್ದು?"

"ಅಲ್ವೇ ಅಲ್ಲ" ಎಂದ ವೆಸ್ಲಿ.

ಮಂಗಳವಾರ ಡಾಕ್ಟರು ಎಸೆತಗಳ ಲೆಕ್ಕ ಕೇಳಿಕೊಂಡು, ಮೊಣಕೈ ಮಡಿಸಿ, ಬಿಡಿಸಿ, ಎಕ್ಸ್‌ರೇ ನೋಡಿದರು. ಬೆಳೆಯುವ ಮೂಳೆಗೆ ಪೆಟ್ಟಾಗಿದೆ, ಆರು ವಾರ ಒಂದು ಕಲ್ಲನ್ನೂ ಎಸೆಯುವ ಹಾಗಿಲ್ಲ ಎಂದರು. "ಇನ್ನೊಂದು ನಲವತ್ತು ಎಸ್ದು ಬಂದಿದ್ರೆ ನಾವು ಬೇರೆ ಮಾತಾಡಬೇಕಾಗ್ತಿತ್ತು. ಯಾರಪ್ಪ ಎಣಿಸಿದ್ದು?"

"ನಮ್ಮ ಟಿಲ್ಲಿ" ಎಂದ ವೆಸ್ಲಿ. "ನಮ್ಮ" ಎಂದು ತಾನು ಹೇಳಿದ್ದು ಅವನಿಗೇ ಕೇಳಿಸಿತು, ಹಿತವೆನಿಸಿತು.

ಮುಂದಿನ ವರ್ಷ ಯಾವುದಾದರೂ ಒಂದೇ ತಂಡ ಎಂದು ಮನೆಯಲ್ಲಿ ತೀರ್ಮಾನವಾಯಿತು. ಯಾವುದು ಎಂದು ವೆಸ್ಲಿ ಇನ್ನೂ ಹೇಳಿಲ್ಲ. ಯೋಚಿಸುತ್ತಿದ್ದಾನೆ.

ಆಗಸ್ಟ್‌ನ ಮೊದಲ ಶನಿವಾರ ಈಜುಕೊಳದಲ್ಲಿ ಮತ್ತೆ ಪರೀಕ್ಷೆ ಬಂತು. ವೆಸ್ಲಿ ಮಡಚುವ ಕುರ್ಚಿಯನ್ನು ತಾನೇ ಹೊತ್ತು ತಂದು ಕೊಳದ ದಡದಲ್ಲಿ ಬಿಡಿಸಿದ. ಟಿಲ್ಲಿಗಿಂತ ಮುಂದೆ ಇಪ್ಪತ್ತಮೂರು ಮಕ್ಕಳಿದ್ದರು. ಹತ್ತು ನಿಮಿಷಕ್ಕೆ ಅವನಿಗೆ ಬೇಜಾರಾಯಿತು. ಇಪ್ಪತ್ತು ನಿಮಿಷಕ್ಕೆ ಕುರ್ಚಿಯ ಪ್ಲಾಸ್ಟಿಕ್ ತೊಡೆಗೆ ಅಂಟಿತು. ಒಂದು ಗಂಟೆಯಾದಾಗ, ಎಂಟು ಊರಿನ ಎಂಟು ಬಿಸಿಲು ಅವನ ತಲೆಯೊಳಗೆ ಬಂದು ಕುಳಿತವು. ಎಷ್ಟು ದಿನ! ಒಂದು ಸಲವಾದರೂ ಅವಳು "ನಾನು ಬರಲ್ಲ" ಎಂದಿದ್ದಳೇ? ಎಷ್ಟು ನೆನಪಿಸಿಕೊಂಡರೂ ಅವನಿಗೆ ಒಂದೂ ಸಿಗಲಿಲ್ಲ.

"ಇದನ್ನ ಹಿಡ್ಕೋ" ಎಂದು ಟಿಲ್ಲಿ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಸಾಲಿಗೆ ಓಡಿದಳು. ಅದರಲ್ಲಿ ಇನ್ನೂ ನೂರಾ ಎಪ್ಪತ್ತಮೂರೇ ಇತ್ತು.

ಅವಳ ಸರದಿ ಬಂತು. ಕನ್ನಡಕ ಕಣ್ಣಿಗಿಳಿಯಿತು. ನೀರಿಗೆ ಬಿದ್ದಳು. ಅಂಕಿಗಳನ್ನು ಸೊನ್ನೆಗೆ ತಿರುಗಿಸಲು ವೆಸ್ಲಿಗೆ ಮನಸ್ಸಾಗಲಿಲ್ಲ. ಅವಳು ಬೀಸಿದ ಒಂದೊಂದು ಕೈಗೂ ಅದರ ಮೇಲೆಯೇ ಒತ್ತತೊಡಗಿದ. ಟಿಕ್. ಟಿಕ್. ಅರ್ಧಕ್ಕೆ ಬಂದಾಗ ಟಿಲ್ಲಿ ಮುಳುಗಿದಂತಾದಳು. ವೆಸ್ಲಿ ಕುರ್ಚಿ ಬಿಟ್ಟು ಎದ್ದೇಬಿಟ್ಟ. ಕೆಮ್ಮುತ್ತಾ ಮೇಲೆ ಬಂದಳು. ಟಿಕ್. ಕೊಳದ ಉದ್ದಕ್ಕೂ ಅವಳ ಪಕ್ಕಪಕ್ಕದಲ್ಲೇ ದಡದ ಮೇಲೆ ಓಡುನಡಿಗೆಯಲ್ಲಿ ಸಾಗುತ್ತಾ ಒತ್ತಿದ. ಓಡಬಾರದೆಂದು ಕೊಳದ ಕಾವಲಿನವಳು ಸೀಟಿ ಊದಿದರೂ ಅವನಿಗೆ ಕೇಳಿಸಲಿಲ್ಲ.

ಟಿಲ್ಲಿಯ ಬೆರಳು ಆಚೆಯ ಗೋಡೆಯನ್ನು ಮುಟ್ಟಿತು.

ಹಸಿರು ಪಟ್ಟಿ ಕಟ್ಟುವವರು ಅಲ್ಲಿ ಕಾದಿದ್ದರು. ಸುತ್ತ ವೆಸ್ಲಿಯ ಕ್ಲಾಸಿನ ಹುಡುಗರೂ ಇದ್ದರು. ವೆಸ್ಲಿ ಏಣಿಯ ಪಕ್ಕದಲ್ಲಿ ನೆಟ್ಟಗೆ ನಿಂತು, ಅಂಗೈ ಒಡ್ಡಿ ಕಾದ.

ನೀರು ಸುರಿಸುತ್ತಾ ಮೇಲೆ ಬಂದ ಟಿಲ್ಲಿ ಆ ಅಂಗೈಯನ್ನು ನೋಡಿದಳು.

"ಗುಡ್ ಗೇಮ್" ಎಂದ ವೆಸ್ಲಿ.

ಒದ್ದೆ ಕೈ ಛಟ್ಟೆಂದು ಬಂದು ಬಡಿಯಿತು.