ಗಾಳಿ ಕುಡಿದ ಸ್ಪಂಜುಗಳು

ತೊಟ್ಟಿಯ ಹಗ್ಗಗಳಲ್ಲಿ ತೂಗುತ್ತಿದ್ದ ಹಳದಿ ಸ್ಪಂಜುಗಳೆಲ್ಲ ಕೊಳೆತು ಬೂದಿಬಣ್ಣಕ್ಕೆ ತಿರುಗಿದ್ದವು. ಡಾಕ್ಟರಮ್ಮ ಗಾಜಿಗೆ ಹಣೆಯೊತ್ತಿ ನಿಂತಿದ್ದಳು. ಸಮುದ್ರದಿಂದ ತಂದು ಸಾಕಿದ ಈ ಜೀವಗಳಿಂದ ತೆಗೆಯುವ ಮದ್ದೇ ಗಂಡನ ಕಾಯಿಲೆಗೆ ಅವಳಿಗಿದ್ದ ಕಡೆಯ ಆಸೆ.

ಅದೇ ಕಟ್ಟಡದ ಮಹಡಿಯಲ್ಲಿದ್ದ ಪತ್ತೇದಾರ, ತನ್ನ ಮೈದುನನೊಂದಿಗೆ ಇಳಿದುಬಂದ. ಎಲ್ಲದಕ್ಕೂ ತಮಾಷೆ ಮಾಡುವುದು ಮೈದುನನ ಚಟ.

“ಎಲ್ಲ ಹೀರೋದು ಸ್ಪಂಜು ಅಂತಿದ್ರು, ಭಾವ. ಇಲ್ಲಿ ಸ್ಪಂಜಿನ ಪ್ರಾಣಾನೇ ಯಾರೋ ಹೀರಿದ್ದಾರೆ.”

ಯಾರೂ ನಗಲಿಲ್ಲ. ಅವನು ನಾಲಿಗೆ ಕಚ್ಚಿಕೊಂಡ.

“ಈ ಮುಳುಗುಗಾರನದೇ ಕೆಲಸ. ಕೆಲಸ ಬಿಡ್ತೀನಿ ಅಂತ ಜಗಳ ಆಡಿದ್ದ,” ಎಂದಳು ಡಾಕ್ಟರಮ್ಮ, ಕಡಲಲ್ಲಿ ಮುಳುಗಿ ಸ್ಪಂಜು ತರುವವ ಬಾಗಿಲಲ್ಲಿ ನಿಂತಿದ್ದವನನ್ನು ತೋರಿಸಿ.

“ಅಕ್ಕ, ಇವಕ್ಕೆ ಗಾಳಿ ಸೋಕಬಾರ್ದು ಅಂತ ನೀರಿನ ಬೋಗುಣಿಯೊಳಗೇ ಇಟ್ಟು ತಂದವನು ನಾನು. ನಾನ್ಯಾಕೆ ವಿಷ ಹಾಕ್ಲಿ?”

ಪತ್ತೇದಾರ ಮೊದಲು ತೊಟ್ಟಿಯ ಮೀನುಗಳನ್ನು ನೋಡಿದ. ಶಾಲೆ ಬಿಟ್ಟ ಮಕ್ಕಳಂತೆ ಓಡಾಡುತ್ತಿದ್ದವು. ಒಂದು ಸ್ಪಂಜನ್ನು ಸೀಳಿದ. ಅದು ಒಳಗಿನಿಂದ ಹೊರಕ್ಕೆ ಕೊಳೆತಿತ್ತು. ಆಮೇಲೆ ಮೊಣಕಾಲೂರಿ ನೆಲ ನೋಡಿದ. ತೊಟ್ಟಿಯ ಪಕ್ಕದ ಸ್ಟೂಲಿನ ಸುತ್ತ ಉಪ್ಪುನೀರು ಒಣಗಿದ ಬಿಳಿ ಕಲೆಗಳು. ಕೂರುವ ಹಲಗೆಯ ಮೇಲೆ ಒಂದೂ ಇಲ್ಲ.

ಸಂಜೆ ಎಲ್ಲರನ್ನೂ ಅಲ್ಲಿಗೇ ಕರೆಸಿದ. ಮೈದುನ, ಶಾಲು ಹೊದ್ದ ಡಾಕ್ಟರಮ್ಮನ ಗಂಡನನ್ನು ತೋಳು ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದ.

“ಮೀನು ಬದುಕಿವೆ, ಅಂದ್ಮೇಲೆ ವಿಷ ಅಲ್ಲ. ಒಂದೊಂದನ್ನೂ ನೀರಿಂದೆತ್ತಿ, ಗಾಳಿ ಕುಡಿಸಿ, ಮತ್ತೆ ತೂಗುಹಾಕಿದ್ದಾರೆ. ತೂತುಗಳಲ್ಲಿ ಗಾಳಿ ಸಿಕ್ಕಿಕೊಂಡು ನೀರು ಹರಿಯೋದು ನಿಂತಿದೆ. ಅದಕ್ಕೇ ಒಳಗಿಂದ ಕೊಳೆತಿವೆ. ಮಾಡಿದವರಿಗೆ ಈ ಗುಟ್ಟು ಗೊತ್ತಿತ್ತು.”

“ಗೊತ್ತಿರೋದು ನಮಗೆ ಮೂವರಿಗೇ, ನನಗೆ, ಅಕ್ಕನಿಗೆ, ಯಜಮಾನರಿಗೆ,” ಎಂದ ಮುಳುಗುಗಾರ.

“ಹೌದಪ್ಪ. ಹನಿ ನೆಲಕ್ಕೆಲ್ಲ ಬಿದ್ದಿದೆ, ಹಲಗೆಗೆ ಬಿದ್ದಿಲ್ಲ. ಯಾಕೆ? ಅದರ ಮೇಲೆ ಯಾರೋ ಕೂತಿದ್ರು. ನೀವಿಬ್ಬರೂ ನಿಂತೇ ಕೆಲಸ ಮಾಡೋರು. ನಿಲ್ಲೋಕೆ ಕಾಲಲ್ಲಿ ಬಲ ಇಲ್ಲದವರು...”

ಮೈದುನನ ಕೈ ಇನ್ನೂ ಗಂಡನ ತೋಳಿನ ಮೇಲಿತ್ತು. ಆತ ಆ ಕೈಯನ್ನು ಸರಿಸಿದ.

“ನಾನೇ,” ಎಂದ ಗಂಡ. “ಇವನ್ನೆಲ್ಲ ಅರೆದ್ರೂ ನನ್ನ ಉಳಿಸೋಷ್ಟು ಮದ್ದು ಬರಲ್ಲ. ಅವಳಿಗೂ ಗೊತ್ತು. ಹಗಲೆಲ್ಲ ತೊಟ್ಟಿ ಜೊತೆ ಮಾತಾಡ್ತಾಳೆ. ಇರೋ ದಿನಾನಾದ್ರೂ ನನ್ನ ಜೊತೆ ಮಾತಾಡ್ಲಿ ಅಂತ...”

ಡಾಕ್ಟರಮ್ಮ ಮುಳುಗುಗಾರನ ಕಡೆ ತಿರುಗಿದಳು. “ಇವನ್ನ ತಂದ ಆ ಬಂಡೇಲಿ ಇನ್ನೇನಾದ್ರೂ ಉಳಿದಿದೆಯಾ?”

“ಇಲ್ಲಕ್ಕ. ಇದ್ದದ್ದೆಲ್ಲ ತಂದಾಯ್ತು.”

“ದೋಣಿ ಇಳಿಸು. ಬೇರೆ ಬಂಡೆ ಹುಡುಕೋಣ.”

ಗಂಡನ ಕುರ್ಚಿಗೆ ಸುತ್ತು ಹಾಕಿ ಅವಳು ಹೊರನಡೆದಳು.

ಆತ ಪತ್ತೇದಾರನನ್ನು ಮೆಲ್ಲಗೆ ಕೇಳಿದ: “ಎಷ್ಟೊತ್ತಿಗೆ ಬರ್ತಾಳಂತೆ?”

ಎಲ್ಲಕ್ಕೂ ಉತ್ತರ ಕೊಟ್ಟಿದ್ದ ಭಾವ ಆತನ ಜಾರಿದ ಶಾಲನ್ನು ಸರಿಪಡಿಸಿದ. ದೋಣಿಯ ಸದ್ದು ಕೇಳದಿರಲೆಂದು ಮೈದುನ ಕಡಲ ಕಡೆಯ ಕಿಟಕಿ ಮುಚ್ಚಿದ.